ಅಮ್ಮ ಹುಟ್ಟಿದ್ದು ಜೂನ್ ಒಂದರಂದಲ್ಲ

ಅಮೆರಿಕದಲ್ಲಿರುವ ತಮ್ಮ ಫೋನು ಮಾಡಿ, "ಅಕ್ಕಾ, ಅಮ್ಮನ ಬರ್ತ್ ಸರ್ಟಿಫಿಕೇಟ್ ಬೇಕಲ್ಲ" ಎಂದಾಗ ನಾನೂ ಅಮ್ಮನೂ ಒಟ್ಟಿಗೇ ನಕ್ಕುಬಿಟ್ಟೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ತನ್ನ ಹತ್ತಿರ ಕರೆಸಿಕೊಳ್ಳಬೇಕೆಂದು ಅವನ ಆಸೆ. ಅದಕ್ಕೆ ಹಾಕುವ ಅರ್ಜಿಗೆ ಈ ಕಾಗದ ಬೇಕಿತ್ತು. "ಎಪ್ಪತ್ತು ವರ್ಷ ಬದುಕಿದ್ದು ಸಾಲದಂತೇನೋ? ಹುಟ್ಟಿದ್ದಕ್ಕೆ ಬೇರೆ ಸಾಕ್ಷಿ ಬೇಕಾ?" ಎಂದು ಅಮ್ಮ ಕೇಳಿದಳು. ಆ ನಗು ಒಂದು ದಿನದ್ದು. ಆಮೇಲಿನ ಐದು ತಿಂಗಳು ನಾನು ಆ ಕಾಗದದ ಹಿಂದೆ ಅಲೆದೆ.

ಅಮ್ಮನ ಎಲ್ಲ ದಾಖಲೆಗಳಲ್ಲಿ ಹುಟ್ಟಿದ ದಿನ 1-6-1951 ಎಂದಿದೆ. ಜೂನ್ ಒಂದು ನಮ್ಮ ನಾಡಿನ ಅತಿ ದೊಡ್ಡ ಸಾಮೂಹಿಕ ಹುಟ್ಟುಹಬ್ಬ. ನಮ್ಮ ಬೀದಿಯಲ್ಲೇ ಅರವತ್ತು ದಾಟಿದವರನ್ನು ಕೇಳಿದರೆ ಅರ್ಧದಷ್ಟು ಜನ ಅದೇ ದಿನ ಹುಟ್ಟಿದವರು. ಶಾಲೆ ಶುರುವಾಗುವ ತಿಂಗಳಲ್ಲಿ ಮಗುವನ್ನು ಕರೆದುಕೊಂಡು ಹೋದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಸೇರಿಸಿಕೊಳ್ಳುವ ವಯಸ್ಸಾಯಿತು ಎಂದರ್ಥ. ವಯಸ್ಸು ಸರಿಹೊಂದುವ ಹಾಗೆ ಜೂನ್ ಒಂದು ಎಂದು ದಾಖಲಾತಿ ವಹಿಯಲ್ಲಿ ಬರೆದುಕೊಂಡರೆ ಕೆಲಸ ಮುಗಿಯಿತು. ಅಮ್ಮನ ವಯಸ್ಸನ್ನು ತೀರ್ಮಾನಿಸಿದ್ದು ಅವಳ ಕಿವಿ.

ಅಜ್ಜಿ ಹೇಳುತ್ತಿದ್ದ ಲೆಕ್ಕ ಬೇರೆ. "ನಾನು ಮೊದಲನೇ ಸಲ ಓಟು ಹಾಕಿದ್ನಲ್ಲ, ಆವಾಗ ನಿಮ್ಮಮ್ಮ ಹೊಟ್ಟೇಲಿದ್ಲು. ಖರ ಸಂವತ್ಸರದ ಮಾಘ. ಶಿವರಾತ್ರಿ ಇನ್ನೂ ಬಂದಿರ್ಲಿಲ್ಲ." ಚಿಕ್ಕಂದಿನಲ್ಲಿ ಇದನ್ನು ಕಥೆ ಎಂದು ಕೇಳಿದ್ದೆ. ಈಗ ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ಅರವತ್ತು ಸಂವತ್ಸರಗಳಲ್ಲಿ ಖರ 25ನೆಯದು. ಕಳೆದ ಶತಮಾನದಲ್ಲಿ ಅದು ಬಂದದ್ದು 1951ರ ಯುಗಾದಿಯಿಂದ 1952ರ ಯುಗಾದಿಯವರೆಗೆ. ದೇಶದ ಮೊದಲ ಮಹಾಚುನಾವಣೆ ನಡೆದದ್ದು 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ. ಆ ವರ್ಷದ ಶಿವರಾತ್ರಿ ಫೆಬ್ರವರಿಯ ಕೊನೆಯ ಭಾಗದಲ್ಲಿ ಬಂದಿತ್ತು. ಓದು ಬಾರದ ಅಜ್ಜಿ ಹೇಳಿದ ಮೂರು ಗುರುತುಗಳೂ ಒಂದೇ ಕಡೆ ಬೆರಳು ಮಾಡುತ್ತಿದ್ದವು. ಅಮ್ಮ ಹುಟ್ಟಿದ್ದು 1952ರ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ.

ಇನ್ನು ಅದನ್ನು ಸರ್ಕಾರ ಎಲ್ಲಾದರೂ ಬರೆದುಕೊಂಡಿದೆಯೇ ಎಂದು ನೋಡಬೇಕಿತ್ತು. ಹುಡುಕಲು ಹೊರಟ ಮೇಲೆಯೇ ನನಗೆ ಗೊತ್ತಾದದ್ದು, ಆ ವಹಿಗಳು ಯಾಕೆ ಹುಟ್ಟಿಕೊಂಡವು ಎಂಬುದು ತಿಳಿಯದೆ ಅವು ಎಲ್ಲಿವೆ ಎಂಬುದು ತಿಳಿಯುವುದಿಲ್ಲ ಎಂದು.

ಸರ್ಕಾರ ಹುಟ್ಟುಗಳನ್ನು ಬರೆಯತೊಡಗಿದ್ದು ಮಕ್ಕಳ ಮೇಲಿನ ಅಕ್ಕರೆಯಿಂದಲ್ಲ, ಸಾವಿನ ಹೆದರಿಕೆಯಿಂದ. ಧಾತು, ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ. ಅದು 1876-78ರ ಮಹಾಕ್ಷಾಮ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿತ್ತು. ಎಷ್ಟು ದೊಡ್ಡ ನಷ್ಟವಾಯಿತೆಂಬುದು ಎರಡು ಗಣತಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಕಣ್ಣಿಗೆ ಹೊಡೆದದ್ದು. ಕಾಲರಾ, ಸಿಡುಬು, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು, ಇವುಗಳನ್ನು ಎದುರಿಸಲು ಆಳುವವರಿಗೆ ಲೆಕ್ಕ ಬೇಕಿತ್ತು. ಎಲ್ಲಿ ಎಷ್ಟು ಜನ ಸತ್ತರು, ಸಿಡುಬಿನ ಹಾಲು ಹಾಕಲು ಎಷ್ಟು ಕೂಸುಗಳಿವೆ ಎಂಬ ಲೆಕ್ಕ. ಮಗುವಿನ ಹೆಸರು ಆ ಲೆಕ್ಕಕ್ಕೆ ಬೇಕಿರಲಿಲ್ಲ.

ಕಾಯ್ದೆಗಳು ಬಂದವು, ಆದರೆ ಒಂದೊಂದು ಕಡೆ ಒಂದೊಂದು. ಬಂಗಾಳಕ್ಕೆ 1873ರಲ್ಲಿ. ಇಡೀ ಬ್ರಿಟಿಷ್ ಇಂಡಿಯಾಕ್ಕೆ 1886ರಲ್ಲಿ ಒಂದು ಕಾಯ್ದೆ ಬಂತು, ಅದು ಇಷ್ಟವಿದ್ದವರು ಬರೆಸಬಹುದು ಎನ್ನುವಂಥದ್ದು. ಮದ್ರಾಸ್ ಪ್ರಾಂತ್ಯಕ್ಕೆ 1899ರಲ್ಲಿ ತನ್ನದೇ ಕಾಯ್ದೆಯಾಯಿತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಆ ಪ್ರಾಂತ್ಯದ ಜಿಲ್ಲೆಗಳು.

ಇದರ ನಡುವೆ ಒಂದು ವಿಚಿತ್ರವೂ ನಡೆಯಿತು. ವಯಸ್ಸಿನ ಲೆಕ್ಕ ಜನರ ಕೈಗೆ ಬರುವ ಮೊದಲೇ ವಯಸ್ಸಿನ ಕಾನೂನು ಬಂತು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು, ಹದಿನಾಲ್ಕು ತುಂಬದವರನ್ನು ಐವತ್ತು ದಾಟಿದ ಗಂಡಸಿಗೆ ಕೊಡುವುದನ್ನು ನಿಷೇಧಿಸಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆಮೇಲೆ ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದಿತು. ಹುಡುಗಿಗೆ ಎಂಟು ತುಂಬಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ಮದುವೆ ಮಾಡಿಸಲು ನಿಂತ ಅಪ್ಪನೇ.

ನಮ್ಮ ಊರುಗಳಲ್ಲಿ ಜನನ ಮರಣದ ವಹಿ ಪಟೇಲರ, ಶ್ಯಾನುಭೋಗರ ಮನೆಯಲ್ಲಿರುತ್ತಿತ್ತು. ಹುಟ್ಟಿದ ಸುದ್ದಿ ಅವರ ಜಗುಲಿಗೆ ಮುಟ್ಟಬೇಕು, ಅವರು ಬಿಡುವಾದಾಗ ಬರೆಯಬೇಕು. ಬರೆದ ಕೈ ಯಾರದು ಎಂಬುದು ಸಣ್ಣ ಮಾತಲ್ಲ. ಬಿಹಾರದ ಒಂದು ಚುನಾವಣಾ ತಕರಾರು 1960ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗೆದ್ದ ಅಭ್ಯರ್ಥಿಗೆ 25 ತುಂಬಿರಲಿಲ್ಲ ಎಂಬುದು ವಾದ. ಹುಟ್ಟಿನ ಪುಸ್ತಕದಲ್ಲಿ ದಾಖಲೆಯೇನೋ ಇತ್ತು. ಆದರೆ ಅದನ್ನು ಇಡಬೇಕಾದ ಚೌಕಿದಾರನಿಗೆ ಬರೆಯಲು ಬರುತ್ತಿರಲಿಲ್ಲ, ಬೇರೆಯವರ ಕೈಯಲ್ಲಿ ಬರೆಸುತ್ತಿದ್ದ. ಸರ್ಕಾರಿ ನೌಕರ ಸ್ವತಃ ಬರೆಯದ ಆ ಸಾಲನ್ನು ಕೋರ್ಟು ಸಾಕ್ಷಿಯೆಂದು ಒಪ್ಪಲಿಲ್ಲ. ಮುಂದೆ ನೌಕರಿಗೆ ಅನುಕೂಲವಾಗಲೆಂದು ಶಾಲೆಗೆ ಸೇರಿಸುವಾಗ ಸುಳ್ಳು ವಯಸ್ಸು ಹೇಳುವುದು ಲೋಕರೂಢಿ ಎಂಬುದನ್ನೂ ಅದೇ ತೀರ್ಪು ಗಮನಿಸಿದೆ. ನಮ್ಮ ಮೇಷ್ಟ್ರುಗಳ ಜೂನ್ ಒಂದು ದೆಹಲಿಗೂ ಗೊತ್ತಿತ್ತು ಎಂದಾಯಿತು.

ಕರ್ನಾಟಕದಲ್ಲಿ ಹಳೆಯ ದಾಖಲೆ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಹುಟ್ಟಿದ ಊರು ಆಗ ಯಾರ ಆಳ್ವಿಕೆಯಲ್ಲಿತ್ತು ಎಂಬುದು. 1956ರ ನವೆಂಬರ್ 1ರ ಮೊದಲು ಈ ನಾಡು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹಂಚಿಹೋಗಿತ್ತು. ಬೆಳಗಾವಿ, ಧಾರವಾಡದ ಕಡೆ ಹಳೆಯ ಸರ್ಕಾರಿ ಕಡತಗಳಲ್ಲಿ ಮೋಡಿ ಲಿಪಿ ಎದುರಾಗುತ್ತದೆ. ಬೀದರ, ಕಲಬುರಗಿ, ರಾಯಚೂರಿನ ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿವೆ, ಅವುಗಳ ಇಸವಿ ಫಸಲಿ. ಅಲ್ಲಿ 1357 ಎಂದು ಕಂಡರೆ ಗಾಬರಿಯಾಗಬೇಕಿಲ್ಲ, 590 ಕೂಡಿಸಿದರೆ 1947 ಸಿಗುತ್ತದೆ. ಆ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತಿದ್ದುದರಿಂದ 1948ರ ಬಹುಭಾಗವೂ ಅದರೊಳಗೇ ಸೇರುತ್ತದೆ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಇನ್ನೊಂದು ದಾರಿ. ಎಷ್ಟೋ ವೇಳೆ ಸರ್ಕಾರದ ವಹಿಗಿಂತ ಅದೇ ಅಚ್ಚುಕಟ್ಟು.

ಎರಡನೆಯ ಪ್ರಶ್ನೆ, ಆ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು. ವಂಶಪಾರಂಪರ್ಯದ ಪಟೇಲಿಕೆ, ಶ್ಯಾನುಭೋಗಿಕೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಗಿ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಹೊಸದಾಗಿ ಬಂದ ಗ್ರಾಮ ಲೆಕ್ಕಿಗರಿಗೆ ಹಳಬರು ಕಡತ ಒಪ್ಪಿಸಬೇಕಿತ್ತು. ಕೆಲವರು ಒಪ್ಪಿಸಿದರು. ಕೆಲವು ಕಡತ ಅಟ್ಟದ ಮೇಲೇ ಉಳಿದು ಗೆದ್ದಲಿಗೆ ಆಹಾರವಾಯಿತು. ಒಪ್ಪಿಸಿದವು ಕಾಲಕ್ರಮದಲ್ಲಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಸೇರಿದವು. ಈಗ ನಾವು ನೋಡುವ ಜನನ ಮರಣ ನೋಂದಣಿ ಕಾಯ್ದೆ 1969ರದು. ಹುಟ್ಟನ್ನು ಬರೆಸುವುದು ಇಡೀ ದೇಶಕ್ಕೆ ಕಡ್ಡಾಯವಾದದ್ದು ಅದರಿಂದ. ಬಹುತೇಕ ರಾಜ್ಯಗಳಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದಕ್ಕಿಂತ ಮೊದಲು ಹುಟ್ಟಿದವರ ದಾಖಲೆ ಸಿಕ್ಕರೆ ಪುಣ್ಯ ಎನ್ನುವ ಮಾತು ಕಚೇರಿಗಳಲ್ಲಿ ಕೇಳಿಬರುವುದು ಈ ಕಾರಣಕ್ಕೆ.

ಅರ್ಜಿ ಹಾಕುವುದು ಕಷ್ಟವಲ್ಲ. ಆ ಕಾಯ್ದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ನೋಂದಣಾಧಿಕಾರಿಯಿಂದ ವಹಿಯಲ್ಲಿ ಹುಡುಕಿಸಬಹುದು, ಗೊತ್ತುಪಡಿಸಿದ ಶುಲ್ಕ ಕಟ್ಟಿ ನಕಲು ಪಡೆಯಬಹುದು. ಈಚಿನ ವರ್ಷಗಳ ಹುಟ್ಟುಗಳೆಲ್ಲ ಇ-ಜನ್ಮದ ಗಣಕದಲ್ಲಿವೆ. ಹಳೆಯವಕ್ಕೆ ಮಾತ್ರ ಪುಸ್ತಕವನ್ನೇ ಬಿಚ್ಚಬೇಕು. ಆಗ ಅರ್ಜಿಯಲ್ಲಿ ಏನು ಬರೆಯುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ. ನಾನು ಮೊದಲ ಅರ್ಜಿಯಲ್ಲಿ ಮಾಡಿದ ತಪ್ಪುಗಳನ್ನು ಹೇಳಿದರೆ ಯಾರಿಗಾದರೂ ಉಪಯೋಗವಾದೀತು.

ನಾನು ಅಮ್ಮನ ಹೆಸರು, 1-6-1951, ತಾತನ ಊರು, ಈ ಮೂರನ್ನು ಬರೆದುಕೊಟ್ಟಿದ್ದೆ. ಮೂರೂ ಪ್ರಯೋಜನಕ್ಕೆ ಬರಲಿಲ್ಲ. ರೆಕಾರ್ಡ್ ರೂಮಿನಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ನೌಕರರೊಬ್ಬರು ನನ್ನ ಅರ್ಜಿ ಓದಿ, "ಅಮ್ಮಾ, ಹಳೇ ಪುಸ್ತಕದಲ್ಲಿ ಮಗು ಹೆಸರು ಹುಡುಕಬಾರದು" ಎಂದರು. "ಹುಟ್ಟಿದ ವಾರಕ್ಕೆ ಪಟೇಲರಿಗೆ ಹೇಳಿರ್ತಾರೆ. ಹೆಸರಿಡೋದು ಆಮೇಲೆ. ಅಪ್ಪನ ಹೆಸರು ನೋಡಬೇಕು, ಗಂಡೋ ಹೆಣ್ಣೋ ನೋಡಬೇಕು. ಒಂದು ವರ್ಷ ಅಂತ ಕೇಳಬೇಡಿ, ಹಿಂದೆ ಮುಂದೆ ಎರಡೆರಡು ವರ್ಷ ಸೇರಿಸಿ ಕೇಳಿ." ಆಮೇಲೆ ಸ್ವಲ್ಪ ಯೋಚಿಸಿ, "ನಿಮ್ಮಜ್ಜಿ ತವರು ಯಾವೂರು?" ಎಂದು ಕೇಳಿದರು.

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹುಟ್ಟನ್ನು ಬರೆಯುವುದು ಹುಟ್ಟಿದ ಜಾಗದಲ್ಲಿ, ಅಪ್ಪನ ಊರಿನಲ್ಲಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ, ಬಾಣಂತನವೆಲ್ಲ ತವರಿನಲ್ಲೇ. ಎಷ್ಟೋ ಸಲ ಎರಡನೆಯದೂ. ನಾವು ಅಪ್ಪನ ಊರನ್ನೇ ಹುಟ್ಟೂರು ಎಂದುಕೊಂಡು ಬೆಳೆಯುತ್ತೇವೆ, ವಹಿ ಮಾತ್ರ ಅಮ್ಮನ ತವರಿನಲ್ಲಿರುತ್ತದೆ.

ತಾತನ ಊರಿನ ವಹಿಗಳಲ್ಲಿ 1951ರಿಂದ 1954ರವರೆಗಿನವು ಇರಲೇ ಇಲ್ಲ. ಅಜ್ಜಿಯ ತವರು ಪಕ್ಕದ ತಾಲ್ಲೂಕು. ಅಲ್ಲಿ ಮತ್ತೊಂದು ಅರ್ಜಿ ಹಾಕಿ, ಮೂರು ಸಲ ಹೋಗಿ ಬಂದ ಮೇಲೆ ಆ ಊರಿನ ಕಟ್ಟು ಸಿಕ್ಕಿತು. ಕೆಂಪು ಬಟ್ಟೆ ಬಿಚ್ಚಿದಾಗ ಪುಟಗಳ ಅಂಚು ಉದುರುತ್ತಿತ್ತು. 1950ರಿಂದ 1954ರವರೆಗೆ ಒಂದೊಂದೇ ಸಾಲು ನೋಡಿಸಿದೆ. ತಾತನ ಹೆಸರಿರಲಿಲ್ಲ. ನಿರಾಸೆಯಿಂದ ಏಳುವಾಗ ಆ ಕಚೇರಿಯ ಹುಡುಗ, "ಮೇಡಂ, ಇದಕ್ಕೂ ಹಿಂದಿಂದು ಒಂದು ಸೇರಿಕೊಂಡಿದೆ ನೋಡಿ" ಎಂದ. 1949ರ ಕೊನೆಯ ಪುಟಗಳಲ್ಲಿ ತಾತನ ಹೆಸರಿತ್ತು. ಹೆಣ್ಣು ಎಂದಿತ್ತು. ಮಗುವಿನ ಹೆಸರಿನ ಜಾಗ ಖಾಲಿ. ವರ್ತಮಾನ ಕೊಟ್ಟವರು ಎಂಬಲ್ಲಿ ಅಜ್ಜಿಯ ಅಪ್ಪನ ಹೆಸರು.

ಕುಣಿಯುವಷ್ಟು ಸಂತೋಷವಾಯಿತು. ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದೆ. ಎರಡು ವರ್ಷದ ಅಂತರವಿದೆ, ಅಜ್ಜಿ ಸಂವತ್ಸರ ತಪ್ಪಾಗಿ ನೆನಪಿಟ್ಟುಕೊಂಡಿರಬೇಕು ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಾನಲ್ಲ ಕಣೇ. ನನಗಿಂತ ಮೊದಲು ಒಂದು ಹೋಗಿತ್ತು ಅಂತಿದ್ಲು ನಮ್ಮವ್ವ" ಎಂದಳು.

ಅಜ್ಜಿಯ ಕೊನೆಯ ತಂಗಿ ಇನ್ನೂ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಚುರುಕು. ಹೋಗಿ ಕೇಳಿದೆವು. "ಚೊಚ್ಚಲು ಹೆಣ್ಣಾಯ್ತು ಅಂತ ನಮ್ಮಪ್ಪ ಬೇಜಾರೇನೂ ಮಾಡ್ಕೊಳ್ಲಿಲ್ಲ. ಅವನೇ ಹೋಗಿ ಪಟೇಲ್ರಿಗೆ ಹೇಳಿ ಬಂದ. ತೊಟ್ಟಿಲಿಗೆ ಹಾಕೋದ್ರೊಳಗೆ ಮಗು ಹೋಯ್ತು. ಹೆಸರಿಟ್ಟಿರ್ಲಿಲ್ಲ" ಎಂದರು. ಅಮ್ಮ ಹುಟ್ಟಿದ್ದೂ ಅದೇ ಮನೆಯಲ್ಲೇ ಅಂತೆ. ಆದರೆ ಆ ಹೊತ್ತಿಗೆ ಮುತ್ತಾತ ಹಾಸಿಗೆ ಹಿಡಿದಿದ್ದ. ಪಟೇಲರ ಮನೆಗೆ ಹೋಗಿ ಹೇಳಲು ಯಾರಿಗೂ ತೋಚಲಿಲ್ಲ.

ಬದುಕಿ ಎಪ್ಪತ್ತು ದಾಟಿದ ಅಮ್ಮನಿಗೆ ಸಾಲಿಲ್ಲ. ಕೆಲವೇ ದಿನ ಬದುಕಿದ ಅವಳ ಅಕ್ಕನಿಗೆ ಸಾಲಿದೆ, ಹೆಸರಿಲ್ಲ.

ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರೊಬ್ಬರು ನನಗೆ ಸುಲಭದ ದಾರಿ ಹೇಳಿದರು. "ಹೆಸರಿನ ಕಾಲಂ ಖಾಲಿ ಇದೆ, ಅಪ್ಪನ ಹೆಸರು ಸರಿಯಿದೆ. ಇದೇ ನಾನು ಅಂತ ನಿಮ್ಮಮ್ಮನಿಂದ ಒಂದು ಅಫಿಡವಿಟ್ ಮಾಡಿಸಿ. ಯಾರು ಬಂದು ನೋಡ್ತಾರೆ?" ಸುಳ್ಳು ಹೇಳುವುದೇಕೆ, ನನ್ನ ಮನಸ್ಸು ಒಂದು ರಾತ್ರಿ ಅತ್ತ ವಾಲಿತ್ತು. ಜೂನ್ ಒಂದೂ ಸುಳ್ಳೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಮ್ಮನಿಗೂ ಹೇಳಿದೆ. ಅವನು, "ಅಮ್ಮ ಏನಂತಾಳೋ ಹಾಗೆ ಮಾಡು" ಎಂದ.

ಬೆಳಿಗ್ಗೆ ಕಾಫಿ ಕುಡಿಯುವಾಗ ಅಮ್ಮನನ್ನು ಕೇಳಿದೆ. ಅವಳು ಸಿಟ್ಟಾಗಲಿಲ್ಲ. "ಅವಳದ್ದು ಅಂತ ಇರೋದು ಅದೊಂದೇ ಗೆರೆ. ಅದನ್ನೂ ನಾನು ತಗೊಂಡ್ರೆ ಅವಳಿಗೇನು ಉಳೀತು?" ಎಂದಳು, ಅಷ್ಟೆ.

ಮೊದಲ ಮಹಾಚುನಾವಣೆಯ ಬಗ್ಗೆ ಓದಿದ್ದ ಒಂದು ಸಂಗತಿ ಆಗ ನೆನಪಾಯಿತು. ಮತದಾರರ ಪಟ್ಟಿ ಬರೆಯಲು ಮನೆಮನೆಗೆ ಹೋದಾಗ ಉತ್ತರದ ರಾಜ್ಯಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಹೀಗೆ ಪಟ್ಟಿಯಿಂದ ಬಿಟ್ಟುಹೋದ ಹೆಂಗಸರು ಸುಮಾರು 28 ಲಕ್ಷ. ಇದ್ದೂ ಹೆಸರಿಲ್ಲದೆ ಇರುವುದು ಎಷ್ಟು ದೊಡ್ಡ ಸಂಖ್ಯೆಯವರ ಪಾಡು ಎಂಬುದು ಆ ಚಳಿಗಾಲದಲ್ಲಿ ಸರ್ಕಾರಕ್ಕೆ ಗೊತ್ತಾಯಿತು. ಅದೇ ಚಳಿಗಾಲದಲ್ಲಿ ನಮ್ಮಜ್ಜಿ ತುಂಬಿದ ಹೊಟ್ಟೆಯಲ್ಲಿ ಹೋಗಿ ಓಟು ಹಾಕಿ ಬಂದಳು. ಅವಳ ಹೆಸರು ಪಟ್ಟಿಯಲ್ಲಿತ್ತು.

ಕೊನೆಗೆ ನಾವು ಹಿಡಿದದ್ದು ನೇರ ದಾರಿ. ಹುಡುಕಿದರೂ ದಾಖಲೆ ಸಿಗದಿದ್ದಾಗ ಸಿಗಲಿಲ್ಲ ಎಂದು ನೋಂದಣಾಧಿಕಾರಿ ಬರೆದುಕೊಡುವ ಪತ್ರವೊಂದಿದೆ, ಅಲಭ್ಯತಾ ಪ್ರಮಾಣಪತ್ರ. ಇಂಥ ವರ್ಷಗಳ ವಹಿಗಳನ್ನು ಪರಿಶೀಲಿಸಲಾಗಿ ಈ ಹೆಸರಿನ ಜನನ ನೋಂದಣಿಯಾಗಿಲ್ಲ ಎಂಬ ಒಕ್ಕಣೆ ಅದರದು. ನಮ್ಮ ಜನ ಇದನ್ನು ಸೋಲು ಎಂದುಕೊಂಡು ಬಿಟ್ಟುಬರುತ್ತಾರೆ. ಬಿಡಬಾರದು, ಅದೇ ಒಂದು ದಾಖಲೆ. ಅದರ ಜೊತೆಗೆ ಶಾಲೆಯ ದಾಖಲೆ, ಹುಟ್ಟಿದಾಗ ಇದ್ದು ಸ್ವತಃ ಬಲ್ಲ ಹಿರಿಯರ ಅಫಿಡವಿಟ್ ಸೇರಿಸಿದರೆ ಅಮೆರಿಕದ ವಲಸೆ ಅರ್ಜಿಗೂ ದಾರಿಯಾಗುತ್ತದೆ. ತಡವಾಗಿಯಾದರೂ ಹುಟ್ಟನ್ನೇ ಬರೆಸಬೇಕೆಂದರೆ, ಒಂದು ವರ್ಷ ದಾಟಿದ ಪ್ರಕರಣಗಳಿಗೆ ಮೊದಲು ನ್ಯಾಯಾಲಯದ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ.

ಅದೇ ತಿದ್ದುಪಡಿ ಇನ್ನೊಂದು ಬದಲಾವಣೆಯನ್ನೂ ತಂದಿದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಮದುವೆ ನೋಂದಣಿ, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನ, ಜಾಗಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಕಿವಿ ಮುಟ್ಟಿಸುವ ಮೇಷ್ಟ್ರ ಕಾಲ ಮುಗಿಯಿತು. ಒಳ್ಳೆಯದೇ. ಆದರೆ ಆ ಮೇಷ್ಟ್ರ ಸುಳ್ಳಿನಿಂದ ಅಮ್ಮನಂಥವರು ಕಾಗದವಿಲ್ಲದೆಯೂ ಶಾಲೆಯ ಬಾಗಿಲು ದಾಟಿದ್ದರು. ಇನ್ನು ಮುಂದೆ ಹೇಳಲು ಯಾರೂ ಹೋಗದ ಮಗುವಿಗೆ ಆ ಬಾಗಿಲು ಇರುವುದಿಲ್ಲ. ಮಗು ಹುಟ್ಟಿದ ಮನೆಯವರು 21 ದಿನದೊಳಗೆ ಬರೆಸಿಬಿಡಿ, ಹೆಸರಿಟ್ಟ ಕೂಡಲೇ ಅದನ್ನೂ ಸೇರಿಸಿಬಿಡಿ ಎಂದು ನಾನೀಗ ಕಂಡಕಂಡವರಿಗೆಲ್ಲ ಹೇಳುವುದು ಅದಕ್ಕೇ.

ಜನನ ಪ್ರಮಾಣಪತ್ರ ಎಂದರೆ ಹುಟ್ಟಿದ್ದಕ್ಕೆ ಸಾಕ್ಷಿ ಎಂದು ತಿಳಿದಿದ್ದೆ. ಒಂದು ಮಗು ಹುಟ್ಟಿದೆ ಎಂದು ಹೇಳಲು ಯಾರೋ ಒಬ್ಬರು ಎದ್ದು ಹೋದರು ಎಂಬುದಕ್ಕೆ ಅದು ಸಾಕ್ಷಿ. ಮುತ್ತಾತ ಒಂದು ಹೆಣ್ಣುಕೂಸಿಗಾಗಿ ಪಟೇಲರ ಜಗುಲಿವರೆಗೆ ನಡೆದಿದ್ದ. ಅವನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬರಹದಲ್ಲಿ ಉಳಿದಿರುವುದು ಅದೊಂದೇ.

ಅಲಭ್ಯತಾ ಪತ್ರ ತಮ್ಮನಿಗೆ ಹೋಗಿದೆ. ಚಿಕ್ಕಜ್ಜಿ ಅಫಿಡವಿಟ್‌ಗೆ ಹೆಬ್ಬೆಟ್ಟು ಒತ್ತುವಾಗ, "ನಂದೂ ಒಂದು ಬರೆಸ್ಕೊಡೇ, ನಾನು ಯಾವಾಗ ಹುಟ್ದೆ ಅಂತ ನಂಗೇ ಗೊತ್ತಿಲ್ಲ" ಎಂದು ನಕ್ಕರು. ಅಮ್ಮ ನನ್ನ ಕೈಗೆ ದುಡ್ಡು ಕೊಟ್ಟು ಇನ್ನೊಂದು ಅರ್ಜಿ ಹಾಕಿಸಿದಳು. ಯಾರು ಬೇಕಾದರೂ ಕೇಳಬಹುದು ಎಂದು ಕಾಯ್ದೆಯೇ ಹೇಳುತ್ತದಲ್ಲ. 1949ರ ಆ ಸಾಲಿನ ದೃಢೀಕೃತ ನಕಲು ಹದಿನೈದು ದಿನಕ್ಕೆ ಬಂತು. ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದುಕೊಟ್ಟಿದ್ದಾರೆ. ಅಮ್ಮ ಅದನ್ನು ತನ್ನ ಪಾಸ್‌ಪೋರ್ಟಿನ ಜೊತೆಗೆ, ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾಳೆ.